ಕಾಳಾಚಾರಿಗೆ ಎಳೆ ಕೊಟ್ಟ ಲೆಕ್ಕ

ಚರಕದ ಹಲ್ಲು ಮುರಿದಾಗ ಮಾತ್ರ ಬರುವವನು
ಆವತ್ತು ಏನೂ ಮುರಿಯದೆ ಬಂದ.
"ಖುರ್ಷೀದಾ, ನಾಕು ಮಾರು ನೂಲು ಕೊಡಮ್ಮ,
ತೆಳ್ಳಗಿರಲಿ, ಗಂಟಿರಬಾರದು,
ಇಮಾನ ಕಟ್ಟಬೇಕು."

ಬೇಸಿನ್ನಿನ ಕುದಿನೀರಲ್ಲಿ ಗೂಡು ಉರುಳುತ್ತಿದ್ದವು.
ನಾನು ನಗಲಿಲ್ಲ.
ಬೆರಳು ಬೆಂದವರಿಗೆ ನಗು ಬರುವುದು ತುಸು ತಡ.

ಶಿಡ್ಲಘಟ್ಟದ ಹಿಂಬೀದಿಯಲ್ಲಿ ಅವನ ಜಗಲಿ.
ಜಗಲಿಯ ಮೇಲೆ, ಉಳಿಯ ಭಾರಕ್ಕೆ ಒರಗಿ,
ಮಡಿಚಿ ಮಡಿಚಿ ಮಡಿಕೆಯಲ್ಲೇ ಹರಿದ ನಕ್ಷೆ.
ಕೊಟ್ಟವರು ಚಿಂತಾಮಣಿಯ ಸಾರ್ಜೆಂಟರು,
ವಾಯುಪಡೆಯ ಇಂಜಿನ್ನುಗಳಿಗೆ ಎಣ್ಣೆ ಬಿಟ್ಟೂ ಬಿಟ್ಟೂ
ಒಮ್ಮೆಯೂ ಮೇಲೆ ಹೋಗದೆ ಪಿಂಚಣಿಗೆ ಬಂದವರು.

ಎರಡಂತಸ್ತಿನ ರೆಕ್ಕೆ. ನಡುವೆ ಕಂಬ ಎಂಟು.
ಕಂಬದಿಂದ ಕಂಬಕ್ಕೆ ಅಡ್ಡಡ್ಡ ತಂತಿ.
ಸಡಿಲಾದರೆ ರೆಕ್ಕೆ ಅಲುಗುತ್ತದಂತೆ,
ಬಿಗಿ ಹೆಚ್ಚಾದರೆ ಮುರಿಯುತ್ತದಂತೆ.
ಅಷ್ಟನ್ನು ಕಲಿಯಲು ನನಗೆ ನಕ್ಷೆ ಬೇಕಿರಲಿಲ್ಲ.

"ಮರ ಯಾವುದು?"
"ಹಿಪ್ಪುನೇರಳೆ. ರಸ್ತೆ ಅಗಲ ಮಾಡುವಾಗ ಕೆಡವಿದ್ದು,
ನಮ್ಮಪ್ಪನಿಗಿಂತ ದೊಡ್ಡದು."
ಹಳದಿ ತಿರುಳನ್ನು ಉಗುರಲ್ಲಿ ಮುಟ್ಟಿ ನೋಡಿದೆ.
ಇದರ ಸೊಪ್ಪು ಹುಳಕ್ಕೆ ಹೋಗಿತ್ತು,
ಹುಳ ಗೂಡಿಗೆ, ಗೂಡು ನನ್ನ ಕುದಿನೀರಿಗೆ.
ಕೊಂಬೆಯೊಂದು ಎಲ್ಲಿಗೂ ಹೋಗದೆ ನಿಂತಿತ್ತು.
ಈಗ ಅದಕ್ಕೇ ಅದರ ನೂಲು ಬಿಗಿಯುತ್ತಿದ್ದೇನೆ,
ಹಲ್ಲಲ್ಲಿ ಕಚ್ಚಿ, ಉಸಿರು ಹಿಡಿದು.

"ಇದಕ್ಕೆ ಹೆಸರೇನು?"
"ಟೈಗರ್ ಮಾತ್. ಹುಲಿ ಪತಂಗ."

ಆಗ ನಕ್ಕೆ.
ನಮ್ಮೂರ ಪತಂಗ ಹಾರುವುದಿಲ್ಲ ಆಚಾರೀ,
ರೆಕ್ಕೆಯುಂಟು, ಬಡಿಯುವುದೂ ಉಂಟು,
ತಟ್ಟೆಯ ಅಂಚು ದಾಟದು.
ಬಡಿಯುವವರೆಗೆ ಬಿಡುವವರು ತಾನೇ ಯಾರು?
ಗೂಡಲ್ಲೇ ಬೇಯಿಸುತ್ತೇವೆ,
ಬೆಳಿಗ್ಗೆ ಒಂದು ಲಾಟು, ಮಧ್ಯಾಹ್ನ ಒಂದು.

ಆಮೇಲೆ ಒಂಟೆ ಬಂತು. ಮೊದಲ ಮಹಾಯುದ್ಧದ್ದು,
ಮೂಗಿನ ಹಿಂದೆ ಗೂನು, ಗೂನಿನಲ್ಲಿ ಜೋಡಿ ಬಂದೂಕು.
ಬಂದೂಕಿಗೆ ನನ್ನ ಮುರಿದ ಸೂಜಿ ಎರಡು ಕೊಟ್ಟೆ.
ಅದನ್ನೂ ಬರೆದಿಟ್ಟಿದ್ದೇನೆ.

ಕೂರುವ ಗುಂಡಿ ಎಲ್ಲದರಲ್ಲೂ ಖಾಲಿ.
"ಒಂದು ಬೊಂಬೆ ಕೂರಿಸಬಾರದೆ?" ಅಂದಿದ್ದಕ್ಕೆ
"ಪೀಠ ಮಾಡುವುದು ನಮ್ಮ ಕಸುಬು,
ಕೂರಿಸುವುದು ಬೇರೆಯವರದ್ದು" ಅಂದ.

ನಮ್ಮ ನಾನಿ ಹೇಳುತ್ತಿದ್ದಳು:
ಯುದ್ಧದ ಕಾಲಕ್ಕೆ ಸರಕಾರದವರು ಬಂದು
ಇದೇ ಬೀದಿಯ ನೂಲು ತೂಗಿಸಿ ಒಯ್ದರು,
ಆಕಾಶದಿಂದ ಬೀಳುವವರ ಕೊಡೆಗೆಂದು.
ಯಾರು ಬಿದ್ದರು, ಕೊಡೆ ಬಿಚ್ಚಿತೋ ಇಲ್ಲವೋ,
ಅವಳಿಗೆ ಯಾರೂ ಕಾಗದ ಬರೆಯಲಿಲ್ಲ.

ಸಾರ್ಜೆಂಟರು ಭೂತಗನ್ನಡಿ ಹಿಡಿದು ಎಣಿಸಿದರು.
"ಆಚಾರೀ, ನಕ್ಷೆಯಲ್ಲಿರುವುದಕ್ಕಿಂತ
ಒಂದು ಹೆಚ್ಚು."
ಕಾಳಾಚಾರಿ ನನ್ನ ಕಡೆ ನೋಡಿದ.
ಖಾಲಿ ಗುಂಡಿಯಿಂದ ಹೊರಟು, ರೆಕ್ಕೆಯಂಚು ದಾಟಿ,
ಎಲ್ಲಿಗೂ ಕಟ್ಟದೆ ಬಿಟ್ಟ ಎಳೆ.

"ಅದು ಇಮಾನದ್ದಲ್ಲ ಸಾರ್," ಅಂದೆ, "ಇಳಿಯುವವನದು."

ಕತ್ತರಿ ಅವರ ಕೈಲಿತ್ತು.
ತುಂಬ ಹೊತ್ತು ಇತ್ತು.
ಆಮೇಲೆ ಜೇಬಿಗೆ ಹೋಯಿತು.

ಒಟ್ಟು ಒಂಬತ್ತು ಇಮಾನ, ಇನ್ನೂರು ಚಿಲ್ಲರೆ ಎಳೆ.
ದುಡ್ಡು ಬಂದಿಲ್ಲ. ಉಳಿದ ತುಂಡಿನಲ್ಲಿ
ನನ್ನ ಚರಕಕ್ಕೊಂದು ಹಲ್ಲು ಹಾಕಿಕೊಟ್ಟ.
ಕೂರುವವರೆಗೂ ಕಿರಗುಟ್ಟುತ್ತೆ ಅಂದ.
ಬಾಗಿಲಲ್ಲಿ ನಿಂತಿದ್ದ ಸಾರ್ಜೆಂಟರು ಕಿವಿಗೊಟ್ಟು
"ಮೇಲೇಳುವ ಮುಂಚೆ ಅದೂ ಹೀಗೇ" ಅಂದರು.

ನಾನು ಎಣ್ಣೆ ಬಿಟ್ಟೆ.